ಐದು ವಾರಕ್ಕೇ ವಾಪಸ್ ಬರಬೇಕೇ? ಮೆಲ್ಬರ್ನ್‌ನಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಎಂಜಿನಿಯರಿಂಗ್‌ನಲ್ಲಿ ಶೇ 86 ಅಂಕ ಪಡೆದು, ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ, 2025ರ ಜುಲೈಯಲ್ಲಿ ಮಾಹಿತಿ ತಂತ್ರಜ್ಞಾನದ ಸ್ನಾತಕೋತ್ತರ ಪದವಿಗೆಂದು ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯಕ್ಕೆ ಬಂದೆ. ಐದು ವಾರವಾಯಿತು. ವಾರದಲ್ಲಿ ಮೂರೇ ದಿನ ತರಗತಿ. ಉಳಿದಂತೆ ಕ್ಯಾಂಪಸ್ ಇರುವ ಕ್ಲೇಟನ್ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇರುತ್ತೇನೆ. ಮನೆಯಲ್ಲಿ ಇನ್ನೂ ನಾಲ್ವರಿದ್ದಾರೆ. ಒಬ್ಬರ ಮುಖ ಒಬ್ಬರು ನೋಡುವುದು ಅಪರೂಪ. ಒಂದು ಚಿಕ್ಕ ದವಾಖಾನೆಯ ದಾಖಲೆಗಳನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ಬೇರೆಯವರ ಸರ್ವರ್‌ಗಳಿಗೆ, ಸಾಗಿಸುವ ಕುರಿತು ಬರೆದ ಮೊದಲ ಅಸೈನ್‌ಮೆಂಟ್‌ಗೆ 58 ಅಂಕ ಬಂದಿದೆ. ‘ವಿವರಣೆ ಹೆಚ್ಚು, ವಿಶ್ಲೇಷಣೆ ಕಡಿಮೆ’ ಎಂದು ಬರೆದಿದ್ದಾರೆ. ರೆಸ್ಟೋರೆಂಟ್ ಒಂದರಲ್ಲಿ ಗಂಟೆಗೆ 15 ಡಾಲರ್‌ನಂತೆ ನಗದು ಕೊಡುವುದಾಗಿ ಕರೆಯುತ್ತಿದ್ದಾರೆ. ಅಗ್ಗದ ಕಾಲೇಜಿಗೆ ಸೇರಿಕೋ, ಕೆಲಸಕ್ಕೆ ಸಮಯ ಸಿಗುತ್ತದೆ ಎಂದು ಪರಿಚಯದವರೊಬ್ಬರ ಸಲಹೆ. ಅಪ್ಪ ಜಮೀನು ಅಡವಿಟ್ಟು ಸಾಲ ಮಾಡಿದ್ದಾರೆ. ರಾತ್ರಿ ಅಮ್ಮನ ಫೋನ್ ಬಂದರೆ ಅಳು ತಡೆಯಲಾಗುವುದಿಲ್ಲ. ವಾಪಸ್ ಹೋಗಿಬಿಡಲೇ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಈಗ ಹೋಗಬೇಡಿ. ಇಲ್ಲೇ ಉಳಿದು ಪದವಿ ಮುಗಿಸಿಯೇ ತೀರುತ್ತೇನೆಂಬ ಶಪಥವೂ ಈಗ ಬೇಡ. ಐದನೆಯ ವಾರ ಇಂತಹ ತೀರ್ಮಾನಕ್ಕೆ ತೀರ ಕೆಟ್ಟ ಸಮಯ. ಹೊಸ ಊರಿನ ಸಡಗರ ಇಳಿದಿರುತ್ತದೆ, ಮೊದಲ ಅಂಕಗಳು ಬಂದಿರುತ್ತವೆ, ತಂದ ಹಣ ಕರಗುತ್ತಿರುವುದು ಕಣ್ಣಿಗೆ ಕಾಣುತ್ತಿರುತ್ತದೆ, ಗೆಳೆತನಗಳು ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಇಲ್ಲಿಗೆ ಬರುವ ಕನ್ನಡದ ಮಕ್ಕಳೊಂದಿಗೆ ಹಲವು ವರ್ಷಗಳಿಂದ ಕುಳಿತು ಮಾತನಾಡುತ್ತಿದ್ದೇನೆ. ನಿಮ್ಮ ಪತ್ರದಲ್ಲಿರುವ ಮಾತುಗಳನ್ನೇ ಆಗಸ್ಟ್ ಕೊನೆಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಹಾಗೆ ಹೇಳಿದವರಲ್ಲಿ ಜಾಣರೂ ಇದ್ದರು, ಗಟ್ಟಿಗರೂ ಇದ್ದರು. ಆದ್ದರಿಂದ ನಿಮ್ಮಲ್ಲೇ ಏನೋ ಕೊರತೆಯಿದೆ ಎಂಬ ಯೋಚನೆಯನ್ನು ದಯವಿಟ್ಟು ಬಿಡಿ.

ನೀವು ಬಂದ ತಿಂಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಫೆಬ್ರುವರಿಯಲ್ಲಿ ಬರುವವರಿಗೆ ರಾತ್ರಿ ಎಂಟರವರೆಗೂ ಬೆಳಕಿರುವ ಮೆಲ್ಬರ್ನ್ ಸಿಗುತ್ತದೆ. ಜುಲೈಯಲ್ಲಿ ಬಂದ ನಿಮಗೆ ಸಿಕ್ಕಿದ್ದು ಬೆಳಿಗ್ಗೆ ಏಳೂವರೆಗೆ ಹುಟ್ಟಿ ಸಂಜೆ ಐದೂಕಾಲರ ಸುಮಾರಿಗೆ ಮುಳುಗುವ ಸೂರ್ಯ, ಆರೇಳು ಡಿಗ್ರಿಯ ಮುಂಜಾನೆ, ಹೊರಗಿನಷ್ಟೇ ಒಳಗೂ ತಣ್ಣಗಿರುವ ಹಳೆಯ ಬಾಡಿಗೆ ಮನೆ. ಹಾಸನದ ಚಳಿ ಕಂಡವರಿಗೂ ಈ ಮೋಡ ಮುಸುಕಿದ ಕತ್ತಲೆ ಹೊಸದು. ಬೆಳಕು ಕಡಿಮೆಯಾದರೆ ನಿದ್ದೆಯ ಹೊತ್ತು ತಪ್ಪುತ್ತದೆ, ನಿದ್ದೆ ತಪ್ಪಿದರೆ ಮನಸ್ಸೂ ಕುಗ್ಗುತ್ತದೆ. ಸೆಪ್ಟೆಂಬರ್ ಬಂದಂತೆ ದಿನ ಬೇಗಬೇಗ ಉದ್ದವಾಗುತ್ತದೆ. ಅಲ್ಲಿಯವರೆಗೆ ತರಗತಿ ಇರಲಿ ಇಲ್ಲದಿರಲಿ, ಮಧ್ಯಾಹ್ನಕ್ಕೆ ಮೊದಲು ಅರ್ಧ ಗಂಟೆಯಾದರೂ ಹೊರಗೆ ನಡೆದಾಡಿ. ಚಿಕ್ಕ ಕೆಲಸ, ಆದರೂ ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಮ್ಮನ ಫೋನಿನ ವಿಷಯಕ್ಕೆ ಬರುತ್ತೇನೆ. ಮೆಲ್ಬರ್ನ್ ಈಗ ಭಾರತಕ್ಕಿಂತ ನಾಲ್ಕೂವರೆ ಗಂಟೆ ಮುಂದಿದೆ. ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ರಾತ್ರಿ ಒಂಬತ್ತಕ್ಕೆ ಅವರು ಫೋನ್ ಮಾಡಿದರೆ ನಿಮಗೆ ಅದು ಒಂದೂವರೆ. ಅಕ್ಟೋಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಮೇಲೆ ಎರಡೂವರೆ. ಆ ಹೊತ್ತಿನಲ್ಲಿ ಯಾರಿಗಾದರೂ ಅಳು ಬರುತ್ತದೆ. ಕರೆಯನ್ನು ನಿಮ್ಮ ಮಧ್ಯಾಹ್ನಕ್ಕೆ ತನ್ನಿ. ನಿಮಗೆ ಹನ್ನೆರಡು ಗಂಟೆಯಾದಾಗ ಅಲ್ಲಿ ಬೆಳಿಗ್ಗೆ ಏಳೂವರೆ: ಅಮ್ಮ ತಿಂಡಿಗೆ ಒಗ್ಗರಣೆ ಹಾಕುತ್ತಿರುತ್ತಾರೆ, ಅಪ್ಪ ಕಾಫಿ ಕುಡಿಯುತ್ತಿರುತ್ತಾರೆ. ಕ್ಯಾಂಪಸ್‌ನ ಹುಲ್ಲಿನ ಮೇಲೆ ಕುಳಿತು, ಎರಡು ತರಗತಿಗಳ ನಡುವೆ ಹದಿನೈದು ನಿಮಿಷ ಮಾತನಾಡಿ. ನಿಮ್ಮ ಸುತ್ತ ಜನ ಓಡಾಡುವುದನ್ನು ವಿಡಿಯೊದಲ್ಲಿ ನೋಡಿದರೆ ಅವರಿಗೂ ಎಷ್ಟೋ ಸಮಾಧಾನ. ಮಧ್ಯರಾತ್ರಿಯ ಕತ್ತಲ ಕೋಣೆಯಲ್ಲಿ ಮಗಳ ಮುಖ ನೋಡಿ ಮಲಗುವ ತಾಯಿಗೆ ನಿದ್ದೆ ಹತ್ತುವುದಾದರೂ ಹೇಗೆ?

ನಿಮ್ಮ ಪತ್ರದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ‘ವಾರದಲ್ಲಿ ಮೂರೇ ದಿನ ತರಗತಿ’ ಎಂಬ ಸಾಲು. ನಿಮ್ಮ ಒಂಟಿತನಕ್ಕೂ 58 ಅಂಕಕ್ಕೂ ರೆಸ್ಟೋರೆಂಟ್ ಕೆಲಸದ ಸೆಳೆತಕ್ಕೂ ಬೇರು ಅಲ್ಲೇ ಇದೆಯೆಂದು ನನಗೆ ಅನಿಸುತ್ತದೆ. ನಮ್ಮ ಕಾಲೇಜುಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆಯವರೆಗೆ ಪಾಠ, ಲ್ಯಾಬ್, ಹಾಜರಾತಿ. ದಿನವನ್ನು ಕಟ್ಟಿಕೊಡುವವರು ಬೇರೆಯವರು; ಗೆಳೆಯರು ಪಕ್ಕದ ಬೆಂಚಿನಲ್ಲೇ ಸಿಗುತ್ತಾರೆ. ಇಲ್ಲಿ ವೇಳಾಪಟ್ಟಿ ಖಾಲಿ ಕಾಣುತ್ತದೆ. ಅದು ಖಾಲಿಯಲ್ಲ. ಮೊನಾಶ್‌ನಲ್ಲಿ ಆರು ಕ್ರೆಡಿಟ್ ಪಾಯಿಂಟ್‌ನ ಒಂದು ವಿಷಯಕ್ಕೆ ಸೆಮಿಸ್ಟರಿಗೆ 144 ಗಂಟೆಗಳ ದುಡಿಮೆ ಎಂದು ಲೆಕ್ಕ ಹಾಕಿರುತ್ತಾರೆ. ಹನ್ನೆರಡು ವಾರಗಳಿಗೆ ಹಂಚಿದರೆ ವಾರಕ್ಕೆ ಹನ್ನೆರಡು ಗಂಟೆ. ನಾಲ್ಕು ವಿಷಯ ತೆಗೆದುಕೊಂಡಿದ್ದರೆ ವಾರಕ್ಕೆ 48 ಗಂಟೆ. ಅದರಲ್ಲಿ ತರಗತಿಯಲ್ಲಿ ಕಳೆಯುವುದು ಹತ್ತೋ ಹನ್ನೆರಡೋ ಇರಬಹುದು. ಉಳಿದ ಮೂವತ್ತಾರು ಗಂಟೆಗಳನ್ನು ಎಲ್ಲಿ, ಯಾರ ಜೊತೆ, ಯಾವ ಹೊತ್ತಿನಲ್ಲಿ ಕಳೆಯಬೇಕೆಂದು ಯಾರೂ ಹೇಳುವುದಿಲ್ಲ. ಅದು ತನ್ನಿಂದ ತಾನೇ ಗೊತ್ತಿರುತ್ತದೆ ಎಂದು ಇಲ್ಲಿನವರು ಭಾವಿಸುತ್ತಾರೆ. ನಮ್ಮ ಮಕ್ಕಳು ಅದನ್ನು ಬಿಡುವು ಎಂದುಕೊಳ್ಳುತ್ತಾರೆ. ಆ ಬಿಡುವಿನಲ್ಲಿ ಹಾಸಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಅರ್ಧ ಓದು ಅರ್ಧ ಮೊಬೈಲ್ ಎಂದು ದಿನ ಕಳೆದಾಗ ಓದೂ ಆಗುವುದಿಲ್ಲ, ಮನುಷ್ಯರೂ ಸಿಗುವುದಿಲ್ಲ. ರಾತ್ರಿಯ ಹೊತ್ತಿಗೆ ಏನನ್ನೂ ಮಾಡಿಲ್ಲವೆಂಬ ತಪ್ಪಿತಸ್ಥ ಭಾವ ಮಾತ್ರ ಉಳಿಯುತ್ತದೆ.

ಹಾಗಾಗಿ ನಾಳೆಯಿಂದಲೇ ಒಂದು ಕೆಲಸ ಮಾಡಿ. ತರಗತಿ ಇಲ್ಲದ ದಿನವೂ ಬೆಳಿಗ್ಗೆ ಒಂಬತ್ತೂವರೆಯೊಳಗೆ ಕ್ಯಾಂಪಸ್‌ನಲ್ಲಿರಿ. ಕೋಣೆಯಲ್ಲಿ ಓದುವುದಿಲ್ಲ ಎಂದು ನಿಯಮ ಮಾಡಿಕೊಳ್ಳಿ. ಗ್ರಂಥಾಲಯದಲ್ಲಿ ಒಂದೇ ಮಹಡಿ, ಸಾಧ್ಯವಾದರೆ ಒಂದೇ ಮೇಜು. ಇದರಲ್ಲಿ ಓದಿನ ಲಾಭದಷ್ಟೇ ಮತ್ತೊಂದು ಲಾಭವಿದೆ. ದಿನವೂ ಒಂದೇ ಜಾಗದಲ್ಲಿ ಕುಳಿತರೆ ಅಲ್ಲಿ ಕೂರುವ ಇತರ ನಾಲ್ಕೈದು ಮುಖಗಳು ಪರಿಚಿತವಾಗುತ್ತವೆ. ಮೊದಲ ವಾರ ತಲೆಯಾಡಿಸುತ್ತಾರೆ. ಎರಡನೆಯ ವಾರ ‘ನನ್ನ ಲ್ಯಾಪ್‌ಟಾಪ್ ನೋಡಿಕೊಳ್ಳುತ್ತೀರಾ’ ಎಂದು ಕೇಳುತ್ತಾರೆ. ಈ ನಗರದಲ್ಲಿ ಹೆಚ್ಚಿನ ಗೆಳೆತನಗಳು ಹೀಗೆ, ಮತ್ತೆ ಮತ್ತೆ ಕಣ್ಣಿಗೆ ಬೀಳುವುದರಿಂದಲೇ ಹುಟ್ಟುತ್ತವೆ. ಓರಿಯಂಟೇಷನ್ ವಾರದ ಗದ್ದಲದಲ್ಲಿ ನೂರು ಜನರ ಹೆಸರು ಕೇಳಿಕೊಂಡವರಿಗೂ ಐದನೆಯ ವಾರದಲ್ಲಿ ಒಬ್ಬರೂ ಉಳಿದಿರುವುದಿಲ್ಲ.

ಶನಿವಾರ ರೈಲು ಹಿಡಿದು ನಗರಕ್ಕೆ ಹೋಗಿ ವಿಕ್ಟೋರಿಯಾ ಸ್ಟೇಟ್ ಲೈಬ್ರರಿಯಲ್ಲಿ ಕುಳಿತುಕೊಳ್ಳಿ. 1913ರಲ್ಲಿ ತೆರೆದ ಎತ್ತರದ ಗುಮ್ಮಟದ ಕೆಳಗೆ ಓದುವ ಕೋಣೆಯಿದೆ. ಪ್ರವೇಶಕ್ಕೆ ಶುಲ್ಕವಿಲ್ಲ, ಯಾರೂ ಏನನ್ನೂ ಕೇಳುವುದಿಲ್ಲ. ನಗರದ ಮಧ್ಯಭಾಗದಲ್ಲಿ ಟ್ರಾಮ್ ಕೂಡ ಉಚಿತ. ಕ್ಲೇಟನ್ ಕ್ಯಾಂಪಸ್‌ನಲ್ಲಿಯೇ ‘ಹೋಲ್‌ಫುಡ್ಸ್’ ಎಂಬ ಸಸ್ಯಾಹಾರಿ ಊಟದ ಮನೆಯನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ. ಅಡುಗೆಮನೆಯಲ್ಲಿ ಸ್ವಯಂಸೇವಕರನ್ನು ಸೇರಿಸಿಕೊಳ್ಳುತ್ತಾರೆ. ನಾಚಿಕೆಯ ಸ್ವಭಾವದವರಿಗೆ ನಾನು ಮೊದಲು ಸೂಚಿಸುವುದು ಇಂತಹ ಜಾಗಗಳನ್ನೇ. ಪಾರ್ಟಿಯಲ್ಲಿ ನಿಂತು ಏನು ಮಾತನಾಡಬೇಕೆಂದು ತೋಚದವರಿಗೂ ಈರುಳ್ಳಿ ಹೆಚ್ಚುತ್ತಾ ಮಾತು ತಾನಾಗಿ ಬರುತ್ತದೆ.

ಇನ್ನು ಆ 58. ಮೊದಲಿಗೆ ಅದನ್ನು ಹಾಸನದ ಕಣ್ಣಿನಿಂದ ನೋಡುವುದನ್ನು ನಿಲ್ಲಿಸಬೇಕು. ಮೊನಾಶ್‌ನಲ್ಲಿ 50ರಿಂದ ಪಾಸ್, 60ರಿಂದ ಕ್ರೆಡಿಟ್ ಎಂಬ ದರ್ಜೆ, 70ರಿಂದ ಡಿಸ್ಟಿಂಕ್ಷನ್, 80ರಿಂದ ಹೈ ಡಿಸ್ಟಿಂಕ್ಷನ್. 80 ದಾಟಿದರೆ ಅತ್ಯುತ್ತಮ ಎಂದು ಪರಿಗಣಿಸುವ ವ್ಯವಸ್ಥೆಯಿದು. ಇಲ್ಲಿ 86 ಎನ್ನುವುದಕ್ಕೂ ನಿಮ್ಮ ಎಂಜಿನಿಯರಿಂಗ್‌ನ 86ಕ್ಕೂ ಹೋಲಿಕೆಯೇ ಇಲ್ಲ. ನಿಮ್ಮ 58 ಕ್ರೆಡಿಟ್‌ಗೆ ಎರಡೇ ಅಂಕ ಕಡಿಮೆ, ಅದೂ ಮೊದಲ ಬರಹದಲ್ಲಿ. ಮನೆಯವರಿಗೂ ಹೀಗೆಯೇ ವಿವರಿಸಿ ಹೇಳಿ. ಮುಚ್ಚಿಟ್ಟ ಅಂಕ ದಿನದಿಂದ ದಿನಕ್ಕೆ ಭಾರವಾಗುತ್ತದೆ.

‘ವಿವರಣೆ ಹೆಚ್ಚು, ವಿಶ್ಲೇಷಣೆ ಕಡಿಮೆ’ ಎಂಬ ಟಿಪ್ಪಣಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಏನು ಬರೆದಿರಬಹುದೆಂದು ನಾನು ಊಹಿಸಬಲ್ಲೆ: ಕ್ಲೌಡ್ ಎಂದರೇನು, ಅದರ ವಿಧಗಳು, ಐದು ಅನುಕೂಲ, ಐದು ಅನನುಕೂಲ, ಕೊನೆಗೆ ‘ಹೀಗೆ ಕ್ಲೌಡ್ ಉಪಯುಕ್ತವಾಗಿದೆ’. ವಿಟಿಯು ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಗೆ ನಾವೆಲ್ಲ ಬರೆದು ಗೆದ್ದ ಉತ್ತರ ಅದು. ಅಲ್ಲಿ ಗೊತ್ತಿರುವುದನ್ನೆಲ್ಲ ತೋರಿಸಬೇಕು, ಒಂದು ಅಂಶಕ್ಕೆ ಒಂದು ಅಂಕ. ಇಲ್ಲಿ ಕ್ಲೌಡ್ ಎಂದರೇನೆಂದು ಓದುವವರಿಗೆ ಗೊತ್ತೇ ಇದೆ. ಅವರು ಕೇಳಿದ್ದು ಈ ದವಾಖಾನೆ ಏನು ಮಾಡಬೇಕೆಂದು. ಮೂವರು ವೈದ್ಯರಿರುವ, ತನ್ನದೇ ಕಂಪ್ಯೂಟರ್ ಸಿಬ್ಬಂದಿ ಇಲ್ಲದ ಕಡೆ ನೀವು ಯಾವ ದಾರಿ ಆರಿಸುತ್ತೀರಿ, ಯಾಕೆ?

ಉದಾಹರಣೆಗೆ ಒಂದು ಪ್ಯಾರಾ ಹೀಗೆ ಶುರುವಾಗಬಹುದು: ‘ದಾಖಲೆಗಳನ್ನು ಆಸ್ಟ್ರೇಲಿಯಾದೊಳಗಿನ ಸರ್ವರ್‌ಗಳಲ್ಲಿ ಇಡುವ ಸೇವೆಯನ್ನೇ ದವಾಖಾನೆ ಆರಿಸಬೇಕು, ಬೆಲೆ ಹೆಚ್ಚಾದರೂ.’ ಇದು ನಿಮ್ಮ ನಿಲುವು. ಮುಂದಿನ ವಾಕ್ಯ ಕಾರಣ ಕೊಡಬೇಕು: ರೋಗಿಗಳ ಮಾಹಿತಿ ಇಟ್ಟುಕೊಳ್ಳುವ ಖಾಸಗಿ ಆರೋಗ್ಯ ಸಂಸ್ಥೆ ಎಷ್ಟೇ ಚಿಕ್ಕದಿರಲಿ, ಅದು 1988ರ ಪ್ರೈವಸಿ ಕಾಯ್ದೆಗೆ ಒಳಪಡುತ್ತದೆ, ಮಾಹಿತಿ ಹೊರದೇಶಕ್ಕೆ ಹೋದರೂ ಹೊಣೆ ತಪ್ಪುವುದಿಲ್ಲ. ಅದರ ಮುಂದಿನದು ಆಧಾರ: ಕಾಯ್ದೆ ಅಥವಾ ನೀವು ಓದಿದ ಸಂಶೋಧನಾ ಲೇಖನದ ಉಲ್ಲೇಖ. ಆಮೇಲೆ, ನಮ್ಮ ಮಕ್ಕಳು ಬಿಟ್ಟುಬಿಡುವ ಭಾಗ: ನಿಮ್ಮ ಆಯ್ಕೆಯ ದೌರ್ಬಲ್ಯವನ್ನು ನೀವೇ ಒಪ್ಪಿಕೊಂಡು, ಆದರೂ ಅದೇ ಸರಿ ಎನ್ನುವುದು ಯಾಕೆಂದು ವಾದಿಸುವುದು. ‘ವೆಚ್ಚ ಹೆಚ್ಚುತ್ತದೆ, ಆದರೆ ಇಷ್ಟು ಚಿಕ್ಕ ದವಾಖಾನೆಯ ದತ್ತಾಂಶದ ಗಾತ್ರಕ್ಕೆ ಆ ವ್ಯತ್ಯಾಸ ಸಹನೀಯ’ ಎನ್ನುವಂತೆ. ಇಂತಹ ಆರು ಪ್ಯಾರಾಗಳಿದ್ದರೆ ಅದೇ ವಿಶ್ಲೇಷಣೆ. ಇಂಗ್ಲಿಷ್ ಎಷ್ಟು ಸೊಗಸಾಗಿದೆ ಎನ್ನುವುದು ಆಮೇಲಿನ ಮಾತು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರು ಸರಳ ವಾಕ್ಯಗಳಲ್ಲಿ ಹೀಗೆ ವಾದಿಸಿ 75 ಪಡೆದದ್ದನ್ನು ನೋಡಿದ್ದೇನೆ. ನಿರರ್ಗಳ ಇಂಗ್ಲಿಷಿನವರು ಐವತ್ತರ ಆಸುಪಾಸಿನಲ್ಲಿ ಉಳಿದದ್ದನ್ನೂ ನೋಡಿದ್ದೇನೆ.

ಮುಂದಿನ ಬರಹಕ್ಕೆ ಕೈಹಾಕುವ ಮೊದಲು ಅಂಕ ಕೊಟ್ಟ ಬೋಧಕರನ್ನು ಕಾಣಿ. ಅವರು ವಾರಕ್ಕೊಮ್ಮೆ ಕನ್ಸಲ್ಟೇಷನ್ ಎಂದು ಸಮಯ ಇಟ್ಟಿರುತ್ತಾರೆ. ಬಹುತೇಕ ಸಲ ಆ ಹೊತ್ತಿನಲ್ಲಿ ಯಾರೂ ಹೋಗದೆ ಅವರು ಒಬ್ಬರೇ ಕುಳಿತಿರುತ್ತಾರೆ. ‘ಸರ್’, ‘ಮೇಡಂ’ ಬೇಕಿಲ್ಲ, ಹೆಸರು ಹಿಡಿದೇ ಕರೆಯಬೇಕು. ಬಾಯಿಗೆ ಬಾರದಿದ್ದರೂ ರೂಢಿಸಿಕೊಳ್ಳಿ. ಅಂಕ ಹೆಚ್ಚಿಸಿ ಎಂದು ಕೇಳಬೇಡಿ. ಬರಹದ ಒಂದು ಪುಟ ಮುಂದಿಟ್ಟು ‘ಈ ಪ್ಯಾರಾ ಹೇಗಿದ್ದರೆ ಡಿಸ್ಟಿಂಕ್ಷನ್ ಮಟ್ಟಕ್ಕೆ ಬರುತ್ತಿತ್ತು?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಸಿಗುವ ಹತ್ತು ನಿಮಿಷದ ಉತ್ತರ ನಿಮ್ಮ ಇಡೀ ಸೆಮಿಸ್ಟರನ್ನು ಬದಲಿಸಬಲ್ಲದು. ಪ್ರಶ್ನೆಪತ್ರದ ಜೊತೆ ರೂಬ್ರಿಕ್ ಎಂಬ ಕೋಷ್ಟಕ ಇರುತ್ತದೆ, ಯಾವುದಕ್ಕೆ ಎಷ್ಟು ಅಂಕವೆಂದು ಅದರಲ್ಲೇ ಬರೆದಿರುತ್ತದೆ. ಅದನ್ನು ಬರೆದು ಮುಗಿಸಿದ ಮೇಲೆ ನೋಡುವವರೇ ಹೆಚ್ಚು. ನೀವು ಮೊದಲೇ ಓದಿ, ಗೋಡೆಗೆ ಅಂಟಿಸಿಕೊಂಡು ಬರೆಯಿರಿ. ಗ್ರಂಥಾಲಯದಲ್ಲಿ ಬರವಣಿಗೆಗೆ ಸಲಹೆ ಕೊಡುವವರಿದ್ದಾರೆ. ಅದೂ ನೀವು ಕಟ್ಟಿದ ಶುಲ್ಕದಲ್ಲೇ ಸೇರಿದೆ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಕಡಿಮೆ ಅಂಕ ಬಂದ ಈ ವಾರಗಳಲ್ಲೇ ‘ಅಸೈನ್‌ಮೆಂಟ್ ಬರೆದುಕೊಡುತ್ತೇವೆ’ ಎನ್ನುವ ಸಂದೇಶಗಳು ವಾಟ್ಸ್ಆ್ಯಪ್‌ಗೆ ಬರುತ್ತವೆ. ಕೆಲವೊಮ್ಮೆ ನಮ್ಮ ಭಾಷೆಯಲ್ಲೇ, ಅಣ್ಣ ಅಕ್ಕನ ಧಾಟಿಯಲ್ಲಿ. ಹಾಗೆ ಬರೆದು ಮಾರುವುದು ಆಸ್ಟ್ರೇಲಿಯಾದಲ್ಲಿ 2020ರ ಕಾನೂನಿನ ಪ್ರಕಾರ ಅಪರಾಧ. ಕೊಂಡವರನ್ನು ವಿಶ್ವವಿದ್ಯಾಲಯ ಹೊರಹಾಕಬಹುದು. ಅದಕ್ಕಿಂತ ಭೀಕರವಾದದ್ದು ಬೆದರಿಕೆ: ಹಣ ಪಡೆದವರೇ ತಿಂಗಳುಗಳ ನಂತರ ‘ನಿನ್ನ ವಿಶ್ವವಿದ್ಯಾಲಯಕ್ಕೆ ಹೇಳುತ್ತೇವೆ’ ಎಂದು ಮತ್ತೆ ಮತ್ತೆ ಹಣ ಕೀಳುತ್ತಾರೆ. ಎಐ ಸಾಧನಗಳ ವಿಷಯದಲ್ಲಿ ಪ್ರತಿಯೊಂದು ಅಸೈನ್‌ಮೆಂಟಿಗೂ ಬೇರೆ ಬೇರೆ ನಿಯಮ ಇರಬಹುದು. ಓದಿಕೊಂಡು, ಬಳಸಿದ್ದರೆ ಹೇಳಿಬಿಡಿ. ನಿಮ್ಮದೇ 58 ಬೇರೆಯವರಿಂದ ಕೊಂಡ 80ಕ್ಕಿಂತ ಎಷ್ಟೋ ಸುರಕ್ಷಿತ.

ರೆಸ್ಟೋರೆಂಟ್ ಕೆಲಸ. ಗಂಟೆಗೆ 15 ಡಾಲರ್ ಎಂದರೆ ಎಂಟುನೂರಕ್ಕೂ ಹೆಚ್ಚು ರೂಪಾಯಿ ಎಂದು ಮನಸ್ಸು ಲೆಕ್ಕ ಹಾಕುತ್ತದೆ, ಅಪ್ಪನ ಸಾಲ ಕಣ್ಮುಂದೆ ಬರುತ್ತದೆ. ನೀವು ಖರ್ಚು ಮಾಡುವುದು ಡಾಲರ್‌ನಲ್ಲಿ, ಆದ್ದರಿಂದ ಲೆಕ್ಕವೂ ಡಾಲರ್‌ನಲ್ಲೇ ಇರಲಿ. 2025ರ ಜುಲೈ 1ರಿಂದ ಇಲ್ಲಿನ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24.95 ಡಾಲರ್. ಕ್ಯಾಶುಯಲ್, ಅಂದರೆ ಕಾಯಂ ಅಲ್ಲದ ಕೆಲಸವಾದರೆ ಅದರ ಮೇಲೆ ಶೇ 25 ಸೇರಿ 31 ಡಾಲರ್ ಆಸುಪಾಸು. ಅಂದರೆ ಆ ಮಾಲೀಕರು ನಿಮ್ಮ ದುಡಿಮೆಯ ಅರ್ಧಕ್ಕಿಂತ ಹೆಚ್ಚನ್ನು ತಾವೇ ಇಟ್ಟುಕೊಳ್ಳುತ್ತಾರೆ. ವೇತನ ಚೀಟಿ ಇಲ್ಲ, ಪಿಂಚಣಿ ನಿಧಿಗೆ ಕಟ್ಟಬೇಕಾದ ಶೇ 12 ಇಲ್ಲ, ಕೈ ಸುಟ್ಟುಕೊಂಡರೆ ಪರಿಹಾರ ಕೇಳುವಾಗ ನೀವು ಅಲ್ಲಿ ದುಡಿಯುತ್ತಿದ್ದಿರೆಂದು ತೋರಿಸಲು ಒಂದು ಕಾಗದವೂ ಇಲ್ಲ. ಇಂತಹವರು ಕೊನೆಗೆ ಹೇಳುವ ಮಾತೊಂದಿದೆ: ‘ದೂರು ಕೊಟ್ಟರೆ ನಿನ್ನ ವೀಸಾ ಹೋಗುತ್ತದೆ.’ ಇದು ಸುಳ್ಳು. ವೀಸಾ ರದ್ದು ಮಾಡುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ. ವೀಸಾದ ಹೆಸರು ಹೇಳಿ ಬೆದರಿಸಿ ದುಡಿಸಿಕೊಳ್ಳುವುದೇ 2024ರ ಜುಲೈಯಿಂದ ಶಿಕ್ಷಾರ್ಹ. ಕೂಲಿಯ ವಿಷಯದಲ್ಲಿ ಫೇರ್ ವರ್ಕ್ ಓಂಬುಡ್ಸ್‌ಮನ್ ಕಚೇರಿಗೆ 13 13 94ರಲ್ಲಿ ಕರೆ ಮಾಡಬಹುದು.

ಕೆಲಸ ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ತೆರಿಗೆ ಕಚೇರಿಯ ಜಾಲತಾಣದಲ್ಲಿ ಟಿಎಫ್‌ಎನ್‌ಗೆ, ಅಂದರೆ ತೆರಿಗೆ ಗುರುತಿನ ಸಂಖ್ಯೆಗೆ, ಅರ್ಜಿ ಹಾಕಿ. ಅದು ಉಚಿತ, ಹಣ ಕೇಳುವ ಜಾಲತಾಣಗಳು ಮಧ್ಯವರ್ತಿಗಳವು. ಆ ಸಂಖ್ಯೆ ಕೈಗೆ ಬಂದ ಮೇಲೆ ಕ್ರಮಬದ್ಧವಾಗಿ ಕೂಲಿ ಕೊಡುವ ಕೆಲಸ ಹುಡುಕಿ. ಪಾಠ ನಡೆಯುವ ದಿನಗಳಲ್ಲಿ ವಿದ್ಯಾರ್ಥಿ ವೀಸಾದವರಿಗೆ ಎರಡು ವಾರಕ್ಕೆ 48 ಗಂಟೆಯ ಮಿತಿಯಿದೆ. ಆ ಮಿತಿಯನ್ನು ಮುಟ್ಟಲೇಬೇಕೆಂಬ ಹಟ ಮೊದಲ ಸೆಮಿಸ್ಟರಿನಲ್ಲಿ ಬೇಡ. ವಾರಕ್ಕೆ 48 ಗಂಟೆ ಓದು, 24 ಗಂಟೆ ದುಡಿಮೆ ಸೇರಿದರೆ 72. ಅಡುಗೆ, ಬಟ್ಟೆ, ಬಸ್ಸು ಅದರ ಮೇಲೆ. ನನ್ನನ್ನು ಕೇಳಿದರೆ ಈಗ ವಾರಕ್ಕೆ ಹತ್ತು ಗಂಟೆ ಸಾಕು. ನ್ಯಾಯವಾದ ಕೂಲಿಯಲ್ಲಿ ಹತ್ತು ಗಂಟೆ ದುಡಿದರೆ ಆ ಹದಿನೈದು ಡಾಲರ್‌ನ ಇಪ್ಪತ್ತು ಗಂಟೆಯಷ್ಟೇ ಹಣ ಕೈಸೇರುತ್ತದೆ, ಉಳಿದ ಹತ್ತು ಗಂಟೆ ಓದಿಗೆ ಸಿಗುತ್ತದೆ. ನವೆಂಬರ್ ಕೊನೆಯಿಂದ ಫೆಬ್ರುವರಿಯವರೆಗೆ ಬೇಸಿಗೆ ರಜೆ. ಸೆಮಿಸ್ಟರುಗಳ ನಡುವಿನ ಆ ರಜೆಯಲ್ಲಿ ಗಂಟೆಗಳ ಮಿತಿಯಿಲ್ಲ. ದುಡಿಯುವ ಹುಮ್ಮಸ್ಸನ್ನು ಆಗ ತೋರಿಸಿ.

ಅಗ್ಗದ ಕಾಲೇಜಿನ ಸಲಹೆಯನ್ನು ಖಂಡಿತ ಕೇಳಬೇಡಿ. ಮುಖ್ಯ ಕೋರ್ಸಿನ ಮೊದಲ ಆರು ತಿಂಗಳಲ್ಲಿ ಸಂಸ್ಥೆ ಬದಲಿಸಲು ಈಗಿನ ಸಂಸ್ಥೆಯ ಒಪ್ಪಿಗೆ ಬೇಕಾಗುತ್ತದೆ. ಸ್ನಾತಕೋತ್ತರ ಪದವಿ ಬಿಟ್ಟು ಕೆಳಮಟ್ಟದ ಡಿಪ್ಲೊಮಾಕ್ಕೆ ಸೇರಿದರೆ ವೀಸಾ ಷರತ್ತನ್ನೇ ಮುರಿದಂತೆ. ಹೊಸ ವೀಸಾ ಬೇಕು, ಸಿಗದೆಯೂ ಹೋಗಬಹುದು. ಇಂತಹ ಸಲಹೆಯ ಹಿಂದೆ ಎಷ್ಟೋ ಸಲ ಕೊಡುವವರ ಸ್ವಂತ ಲಾಭವಿರುತ್ತದೆ. ನಿಮ್ಮ ಪರಿಚಯದವರು ಹಾಗಲ್ಲದಿರಬಹುದು, ಆದರೂ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಮನೆಯ ಬಗ್ಗೆ ಎರಡೇ ಮಾತು. ನೀವು ಕೊಟ್ಟ ಮುಂಗಡ ಬಾಡಿಗೆ ಮುಂಗಡಗಳನ್ನು ಇಟ್ಟುಕೊಳ್ಳುವ ವಿಕ್ಟೋರಿಯಾ ರಾಜ್ಯದ ಬಾಂಡ್ ಪ್ರಾಧಿಕಾರದಲ್ಲಿ ನಿಮ್ಮ ಹೆಸರಿನಲ್ಲಿ ಜಮೆಯಾಗಿದೆಯೇ ನೋಡಿಕೊಳ್ಳಿ. ಮನೆ ಹಿಡಿದವರ ಜೇಬಿನಲ್ಲಿದ್ದರೆ ರಸೀದಿಯನ್ನಾದರೂ ಪಡೆಯಿರಿ. ಮತ್ತೆ, ವಿಳಾಸ ಬದಲಾದರೆ ಏಳು ದಿನದೊಳಗೆ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕು. ಆ ನಾಲ್ವರ ವಿಷಯದಲ್ಲಿ ಒಂದು ಪ್ರಯತ್ನ ಮಾಡಿ ನೋಡಿ. ಕ್ಲೇಟನ್ ರಸ್ತೆಯ ಅಂಗಡಿಗಳಲ್ಲಿ ತೊಗರಿಬೇಳೆ, ಸೋನಾ ಮಸೂರಿ, ಇಂಗು ಎಲ್ಲ ಸಿಗುತ್ತದೆ. ಭಾನುವಾರ ಮಧ್ಯಾಹ್ನ ದೊಡ್ಡ ಪಾತ್ರೆಯಲ್ಲಿ ಸಾರು ಮಾಡಿ, ‘ಐದು ಜನಕ್ಕೆ ಆಗುವಷ್ಟಿದೆ, ಒಂದು ಗಂಟೆಗೆ ಬನ್ನಿ’ ಎಂದು ಹಿಂದಿನ ದಿನವೇ ಸಂದೇಶ ಕಳಿಸಿ. ಇಬ್ಬರು ಬಂದರೂ ಸಾಕು. ಹಾಗೆಂದು ಅಮ್ಮನಿಗೆ ಪಾರ್ಸೆಲ್ ಕಳಿಸಲು ಹೇಳಬೇಡಿ. ಹಾಲಿನ ಸಿಹಿತಿಂಡಿ, ಹಸಿ ಕರಿಬೇವು, ಬೀಜಗಳು ಇವೆಲ್ಲ ಗಡಿಯಲ್ಲಿ ಜೈವಿಕ ಸುರಕ್ಷತೆಯ ಅಧಿಕಾರಿಗಳ ಪಾಲಾಗುತ್ತವೆ. ಅವರು ಪ್ರೀತಿಯಿಂದ ಕಟ್ಟಿದ ಪೇಡ ಕಸಕ್ಕೆ ಹೋಗುವುದು ಬೇಡ.

ಕನ್ನಡದವರ ಜೊತೆ ಸೇರಬೇಕೇ ಬೇಡವೇ ಎಂದು ಕೆಲವರು ಗೊಂದಲ ಪಡುತ್ತಾರೆ, ‘ಅಲ್ಲಿಗೂ ಹೋಗಿ ಅವರ ಜೊತೆಯೇ ಇದ್ದರೆ ಹೇಗೆ’ ಎಂದು. ನನ್ನ ಅಭಿಪ್ರಾಯ ಸ್ಪಷ್ಟ: ಸೇರಿ. ಮೆಲ್ಬರ್ನ್ ಕನ್ನಡ ಸಂಘವಿದೆ, ಯುಗಾದಿ, ರಾಜ್ಯೋತ್ಸವದ ಕಾರ್ಯಕ್ರಮಗಳಿರುತ್ತವೆ. ಕ್ಯಾರಂ ಡೌನ್ಸ್‌ನಲ್ಲಿ ಶಿವ ವಿಷ್ಣು ದೇವಸ್ಥಾನವಿದೆ. ಗಣೇಶನ ಹಬ್ಬ ಬಂದೇ ಬಿಟ್ಟಿತು. ಹೋಗಿ ಒಂದು ದಿನ ಬಾಯಿ ತುಂಬ ಕನ್ನಡ ಮಾತನಾಡಿ, ಕೋಸಂಬರಿ ತಿಂದು ಬನ್ನಿ. ಇಲ್ಲಿ ನೆಲೆಸಿರುವ ಕುಟುಂಬಗಳು ಹೊಸ ವಿದ್ಯಾರ್ಥಿಗಳನ್ನು ಮನೆಗೆ ಕರೆದು ಊಟ ಹಾಕುವುದನ್ನು ಬಹಳ ಸಲ ನೋಡಿದ್ದೇನೆ. ವಾರದ ಏಳೂ ದಿನ ಅವರ ನಡುವೆಯೇ ಇದ್ದು ತರಗತಿಯವರ ಹೆಸರೇ ಗೊತ್ತಿಲ್ಲದಂತಾದರೆ ಮಾತ್ರ ತೊಂದರೆ.

ಮನಸ್ಸಿನ ಭಾರದ ಬಗ್ಗೆ ಗಂಭೀರವಾಗಿ ಕೇಳುತ್ತೇನೆ. ಎರಡು ವಾರದಿಂದ ನಿದ್ದೆ ಬರುತ್ತಿಲ್ಲವೇ? ಊಟ ಸೇರುತ್ತಿಲ್ಲವೇ? ಬದುಕೇ ಬೇಡ ಎನಿಸುವುದುಂಟೇ? ಇವುಗಳಲ್ಲಿ ಒಂದಕ್ಕೆ ಹೌದು ಎನ್ನುವಿರಾದರೆ ಈ ಉತ್ತರದ ಉಳಿದದ್ದನ್ನೆಲ್ಲ ಪಕ್ಕಕ್ಕಿಟ್ಟು ಇಂದೇ ವಿಶ್ವವಿದ್ಯಾಲಯದ ಆಪ್ತ ಸಮಾಲೋಚಕರ ಸಮಯ ಕೇಳಿ. ಅದಕ್ಕೆ ಹಣ ಕೊಡಬೇಕಿಲ್ಲ. ಅಲ್ಲಿ ಆಡಿದ ಮಾತು ವೀಸಾ ಕಚೇರಿಗೆ ಹೋಗುತ್ತದೆಂದು ನಮ್ಮ ಮಕ್ಕಳು ಹೆದರುತ್ತಾರೆ, ಹಾಗೆ ಹೋಗುವುದಿಲ್ಲ. ರಾತ್ರಿ ತಡೆಯಲಾಗದಿದ್ದರೆ ಲೈಫ್‌ಲೈನ್ ಎಂಬ ಸಹಾಯವಾಣಿಯ 13 11 14 ದಿನದ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತದೆ. ಪ್ರಾಣಕ್ಕೇ ಅಪಾಯವಿದ್ದರೆ ತುರ್ತು ಸೇವೆಯ 000ಕ್ಕೆ ಕರೆ ಮಾಡಿ.

ಸಾಲದ ವಿಷಯವನ್ನು ಅಪ್ಪನೊಂದಿಗೆ ಒಮ್ಮೆ ಕುಳಿತು ಪೂರ್ತಿ ಮಾತನಾಡಿ: ಎಷ್ಟು, ಯಾವಾಗಿನಿಂದ ಕಂತು, ಬಡ್ಡಿ ಎಷ್ಟು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆಮೇಲೆ ತಿಂಗಳಿಗೊಂದು ಸಲ ಮಾತ್ರ ಆ ಮಾತು, ಪ್ರತಿ ಫೋನಿನಲ್ಲಿ ಬೇಡ ಎಂದು ಅವರನ್ನು ಕೇಳಿಕೊಳ್ಳಿ. ಅಂಕಿ ಗೊತ್ತಿಲ್ಲದ ಸಾಲ ಗೊತ್ತಿರುವ ಸಾಲಕ್ಕಿಂತ ಹೆಚ್ಚು ಹೆದರಿಸುತ್ತದೆ.

ನಾಲ್ಕು ವಿಷಯಗಳನ್ನು ನಿಭಾಯಿಸಲು ಆಗುತ್ತಿಲ್ಲವೆಂದು ನಿಜವಾಗಿಯೂ ಅನಿಸಿದರೆ ಅದಕ್ಕೂ ದಾರಿಯಿದೆ, ಆದರೆ ದಿನಾಂಕ ಮುಖ್ಯ. ಈ ಸೆಮಿಸ್ಟರಿನ ಸೆನ್ಸಸ್ ದಿನಾಂಕ, ಅಂದರೆ ಶುಲ್ಕದ ಹೊಣೆಯಿಲ್ಲದೆ ವಿಷಯ ಬಿಡಲು ಕೊನೆಯ ದಿನ, ಆಗಸ್ಟ್ 31. ಅದು ದಾಟಿದ ಮೇಲೆ ಬಿಟ್ಟ ವಿಷಯಕ್ಕೂ ಶುಲ್ಕ ಕಟ್ಟಬೇಕಾಗುತ್ತದೆ. ಅದಕ್ಕೆ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ವಿಭಾಗದವರನ್ನು ಕಂಡು, ಒಂದು ವಿಷಯ ಕಡಿಮೆ ಮಾಡಿದರೆ ಕೋರ್ಸಿನ ಅವಧಿಗೂ ವೀಸಾಕ್ಕೂ ಏನಾಗುತ್ತದೆಂದು ಕೇಳಿ. ಅವರ ಉತ್ತರ ಇಮೇಲ್‌ನಲ್ಲಿ ಬರುವವರೆಗೆ ನೀವಾಗಿಯೇ ಯಾವುದನ್ನೂ ಕೈಬಿಡಬೇಡಿ. ಅವರ ಮಾತು ಸ್ಪಷ್ಟವಾಗದಿದ್ದರೆ ಸ್ನಾತಕೋತ್ತರ ವಿದ್ಯಾರ್ಥಿಗಳದ್ದೇ ಆದ ಮೊನಾಶ್ ಗ್ರ್ಯಾಜುಯೇಟ್ ಅಸೋಸಿಯೇಷನ್‌ನಲ್ಲಿ ನಿಮ್ಮ ಪರವಾಗಿ ಓದಿ ವಿವರಿಸುವವರು ಸಿಗುತ್ತಾರೆ.

ಹೋಗುವುದೋ ಇರುವುದೋ ಎಂಬ ಪ್ರಶ್ನೆಯನ್ನು ನವೆಂಬರ್ ಕೊನೆಗೆ, ಪರೀಕ್ಷೆಗಳೆಲ್ಲ ಮುಗಿದ ಮೇಲೆ ಎತ್ತಿಕೊಳ್ಳಿ. ಆಗ ನಿಮ್ಮ ಕೈಯಲ್ಲಿ ಎರಡನೆಯ, ಮೂರನೆಯ ಅಸೈನ್‌ಮೆಂಟಿನ ಅಂಕಗಳಿರುತ್ತವೆ, ಬೇಸಿಗೆಯ ಬೆಳಕಿರುತ್ತದೆ, ನಾಲ್ಕಾರು ಜನರ ಪರಿಚಯ ಇರುತ್ತದೆ. ಅಂದೂ ಓದು ಹಿಡಿಸದಿದ್ದರೆ, ಆರೋಗ್ಯ ಸರಿಹೋಗದಿದ್ದರೆ, ಹಿಂದಿರುಗುವುದು ಗೌರವದ ನಿರ್ಧಾರವೇ. ಆದರೆ ಸುಮ್ಮನೆ ತರಗತಿ ಬಿಟ್ಟು ವಿಮಾನ ಹತ್ತಬೇಡಿ. ಇಂಟರ್‌ಮಿಷನ್‌ಗೆ, ಅಂದರೆ ಒಂದು ಸೆಮಿಸ್ಟರಿನ ಬಿಡುವಿಗೆ, ಕಾರಣ ಮತ್ತು ದಾಖಲೆಗಳೊಂದಿಗೆ ಅರ್ಜಿ ಕೊಡಿ. ಅದು ಮಂಜೂರಾದ ಪತ್ರ ಕೈಗೆ ಬಂದ ಮೇಲೆ, ವೀಸಾದ ಸ್ಥಿತಿ ಏನಾಗುತ್ತದೆಂದು ವಿಶ್ವವಿದ್ಯಾಲಯದವರಿಂದ ಬರಹದಲ್ಲಿ ಪಡೆದು, ಆಮೇಲೆ ಟಿಕೆಟ್ ಮಾಡಿ.